ಒಂದು ಚೊಂಬು ಬಿಸಿನೀರು

(ಲಂಡನ್ನಿನ ಎಜ್‌ವೇರ್‌ನಲ್ಲಿ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಇಟ್ಟ ಹಿರಿಯ ದಂಪತಿ ಇದೇ ಸಭೆಯಲ್ಲಿ ಕೂತಿದ್ದಾರೆ. ತಮ್ಮ ಹೆಸರು ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹಾಗಾಗಿ ಹೆಸರಿಲ್ಲದೆಯೇ ಕೈ ಮುಗಿಯುತ್ತೇನೆ. ಅವರು ಹಾಕಿದ ಷರತ್ತು ಒಂದೇ. ವರ್ಷಕ್ಕೊಮ್ಮೆ, ನಮ್ಮ ಮಕ್ಕಳ ಓದಿನ ಬಗ್ಗೆ, ಕನ್ನಡದಲ್ಲಿ ಒಬ್ಬರು ಮಾತಾಡಬೇಕು, ಆಮೇಲೆ ಎಲ್ಲರೂ ಕೂತು ಊಟ ಮಾಡಬೇಕು. ಷರತ್ತಿನ ಎರಡನೇ ಭಾಗವನ್ನು ನೆನಪಿಟ್ಟುಕೊಂಡೇ ಮಾತಾಡುತ್ತೇನೆ.

ಕೆಲವರು ತಡವಾಗಿ ಬಂದಿರಿ. ಕಾರಣ ಕೇಳುವುದಿಲ್ಲ, ಊಹಿಸಬಲ್ಲೆ. ಎಜ್‌ವೇರ್ ರೋಡ್ ಸ್ಟೇಷನ್‌ನಲ್ಲಿ ಇಳಿದು, ಇಲ್ಲೆಲ್ಲೋ ಹತ್ತಿರ ಇರಬೇಕು ಎಂದು ಹುಡುಕಿರುತ್ತೀರಿ. ಅದು ಪ್ಯಾಡಿಂಗ್ಟನ್ ಪಕ್ಕ. ನಾವಿರುವ ಎಜ್‌ವೇರ್ ನಾರ್ದರ್ನ್ ಲೈನಿನ ತುದಿ. ರೋಮನ್ನರು ಹಾಕಿದ ದಾರಿ ನೆಟ್ಟಗೆ ಇಲ್ಲಿಗೇ ಬರುತ್ತದೆ ನಿಜ, ಆದರೆ ನಡೆದು ಬರುವ ದೂರವಲ್ಲ. ನಾನೂ ಬಂದ ಹೊಸತರಲ್ಲಿ ಅಲ್ಲೇ ಇಳಿದಿದ್ದೆ. ಹೆಸರು ನಂಬಿ ಇಳಿದರೆ ಹೀಗಾಗುತ್ತದೆ. ನ್ಯೂರೋಸೈನ್ಸ್ ಎಂಬ ಹೆಸರು ನೋಡಿ ವಿಶ್ವವಿದ್ಯಾಲಯಕ್ಕೆ ಇಳಿಯುವ ಮಕ್ಕಳಿಗೂ, ಅವರನ್ನು ಇಳಿಸುವ ತಂದೆ ತಾಯಿಗೂ ಆಗುವುದು ಹೆಚ್ಚುಕಡಿಮೆ ಇದೇ.

ಮೂರು ವರ್ಷದ ಹಿಂದೆ ಒಬ್ಬ ತಾಯಿ ಫೋನ್ ಮಾಡಿದ್ದರು. "ಅಕ್ಕಾ, ಮೆಡಿಸಿನ್‌ಗೆ ನಾಲ್ಕೂ ಕಡೆ ಆಗ್ಲಿಲ್ಲ. ಐದನೇದು ನ್ಯೂರೋಸೈನ್ಸ್ ಅಂತ ಹಾಕಿದ್ಲು, ಅದು ಸಿಕ್ಕಿದೆ. ಓದಿ ಏನಾಗ್ತಾಳೆ? ಸೇರಿಸ್ಲಾ, ಇಲ್ಲಾ ಇನ್ನೊಂದು ವರ್ಷ ಮನೇಲಿ ಕೂರಿಸ್ಲಾ?"

ಈ "ಐದನೇದು" ಏನೆಂದು ಇಲ್ಲಿ ಮಕ್ಕಳನ್ನು ಓದಿಸಿದವರಿಗೆ ಗೊತ್ತು. ವಿಶ್ವವಿದ್ಯಾಲಯಗಳಿಗೆ ಸೇರಲು ಹಾಕುವ ಯೂಕಾಸ್ ಅರ್ಜಿಯಲ್ಲಿ ಐದು ಆಯ್ಕೆಗಳಿರುತ್ತವೆ. ಮೆಡಿಸಿನ್‌ಗೆ ನಾಲ್ಕನ್ನು ಮಾತ್ರ ಬಳಸಬಹುದು. ಐದನೆಯದು ಬೇರೆ ವಿಷಯವೇ ಆಗಿರಬೇಕು. ಆ ಖಾಲಿ ಮನೆಗೆ ನಮ್ಮ ಮಕ್ಕಳು ಬಯೋಮೆಡಿಕಲ್ ಎಂದೋ ನ್ಯೂರೋಸೈನ್ಸ್ ಎಂದೋ ತುಂಬುತ್ತಾರೆ. ಹೀಗೆ ಒಂದು ಇಡೀ ಶಾಸ್ತ್ರ ನಮ್ಮ ಮನೆಗಳಲ್ಲಿ ಐದನೇ ಮನೆಯ ಬಾಡಿಗೆದಾರನಂತೆ ಪರಿಚಯವಾಗಿದೆ. ನಾನು ಅಂದು ಫೋನಿನಲ್ಲಿ, "ಸೇರಿಸಿ, ಆಮೇಲೆ ನೋಡೋಣ" ಎಂದೆ. ಅದು ಉತ್ತರವಲ್ಲ, ಸಾಗಹಾಕಿದ್ದು. ಅಂದು ಕೊಡದೆ ಹೋದ ಉತ್ತರವನ್ನು ಇವತ್ತು ಕೊಡುತ್ತೇನೆ.

ಉತ್ತರ ಲಂಡನ್ನಿನಿಂದ ಶುರುವಾಗುವುದಿಲ್ಲ. ನಮ್ಮ ಬಚ್ಚಲುಮನೆಯಿಂದ ಶುರುವಾಗುತ್ತದೆ.

ಹಳೇ ಮೈಸೂರು ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ನೀರೊಲೆ, ಅದಕ್ಕೆ ಒಣಗಿದ ತೆಂಗಿನ ಮಟ್ಟೆ, ಮೇಲೆ ತಾಮ್ರದ ಹಂಡೆ. ತಲೆಗೆ ಹರಳೆಣ್ಣೆ ತಿಕ್ಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೀಗೆಪುಡಿ, ಆಮೇಲೆ ಚೊಂಬಿನ ಮೇಲೆ ಚೊಂಬು, ಒಂದೇ ಸಮನೆ ನೆತ್ತಿಯ ಮೇಲೆ. ಮಗು ಉಸಿರು ಸಿಕ್ಕಿಕೊಂಡು "ಸಾಕಮ್ಮಾ" ಅನ್ನುವಷ್ಟರಲ್ಲಿ ಇನ್ನೆರಡು ಚೊಂಬು. ಕೆಲವು ಮಕ್ಕಳು ಸಾಕು ಎನ್ನುವುದಿಲ್ಲ. ಕಣ್ಣು ಒಂದೆಡೆ ನಾಟುತ್ತದೆ, ಬಾಯಿ ಏನೋ ಮಣಮಣ ಎನ್ನುತ್ತದೆ, ಕೆಲವೊಮ್ಮೆ ಕೈಕಾಲು ಸೆಳೆದು ಬೀಳುತ್ತವೆ. ಮೈಗೆ ಎಷ್ಟು ನೀರು ಹೊಯ್ದರೂ ಏನೂ ಇಲ್ಲ. ಬಿಸಿನೀರು ತಲೆಗೆ ಬಿದ್ದರೆ ಮಾತ್ರ. ಗಾಳಿ ಸೋಕಿದೆ ಎಂದರು, ಬಚ್ಚಲಲ್ಲಿ ಏನೋ ಮೆಟ್ಟಿದೆ ಎಂದರು, ಕೈಗೆ ಬೀಗದ ಕೈ ಕೊಟ್ಟರು, ಮೂಗಿಗೆ ಈರುಳ್ಳಿ ಹಿಡಿದರು.

ಇದಕ್ಕೆ ವೈದ್ಯರು ಕೊಟ್ಟ ಹೆಸರು ಹಾಟ್ ವಾಟರ್ ಎಪಿಲೆಪ್ಸಿ, ಬಿಸಿನೀರ ಮೂರ್ಛೆ. 1945ರಲ್ಲಿ ನ್ಯೂಜಿಲೆಂಡಿನಿಂದ ಒಂದು ವರದಿ ಬಂದಿತ್ತು. ಆದರೆ ಇದು ಅಪರೂಪದ ವಿಚಿತ್ರವಲ್ಲ, ಒಂದು ಸೀಮೆಯ ಕಾಯಿಲೆ ಎಂದು ಜಗತ್ತಿಗೆ ಗೊತ್ತಾಗಿದ್ದು ಬೆಂಗಳೂರಿನಿಂದ. 1968ರಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಮೊದಲ ವರದಿ ಬರೆದರು. 1988ರಲ್ಲಿ ಅಲ್ಲಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಹೆಚ್ಚಿನ ಸಂಖ್ಯೆಯಲ್ಲಿ ಇದು ಕಂಡುಬರುವ ಇನ್ನೊಂದು ದೇಶ ಟರ್ಕಿ. ಅಲ್ಲೂ ತಲೆಗೆ ಬಿಸಿನೀರು ಹೊಯ್ದುಕೊಳ್ಳುವ ಸ್ನಾನವೇ.

ಈಗ ಆ ಬಚ್ಚಲಲ್ಲಿ ನಿಂತು, ಇಲ್ಲಿ ಯಾರು ಯಾರಿಗೆ ಕೆಲಸವಿದೆ ಎಂದು ನೋಡೋಣ.

ಮೊದಲ ಕೆಲಸ ಕೇಳುವವರದು. "ಯಾವಾಗ ಬಂತು?" "ತಲೆಗೆ ನೀರು ಹುಯ್ಯೋವಾಗ." "ಎಷ್ಟು ಬಿಸಿ? ಎಷ್ಟನೇ ಚೊಂಬಿಗೆ? ತಂಗಿಗೂ ಆಗತ್ತಾ? ಬರೀ ಮೈಗೆ ಹುಯ್ದರೆ?" ಇದನ್ನು ಕೇಳಲು ಯಂತ್ರ ಬೇಡ. ಬಚ್ಚಲು ಗೊತ್ತಿರಬೇಕು, ತಾಯಿಯ ಭಾಷೆ ಗೊತ್ತಿರಬೇಕು. ಹೀಗೆ ಕೇಳಿದ್ದರಿಂದಲೇ ಒಂದು ವಿಚಿತ್ರ ಸಂಗತಿ ಹೊರಬಂತು: ಹತ್ತರಲ್ಲಿ ಒಬ್ಬರಿಗೆ ಆ ಹೊತ್ತಿನಲ್ಲಿ ಏನೋ ಹಿತವೆನಿಸಿ, ನಿಲ್ಲಿಸದೆ ಇನ್ನಷ್ಟು ಹೊಯ್ದುಕೊಳ್ಳುತ್ತಾರೆ. ತನಗಾದ ಸುಖವನ್ನು ಯಾವ ಹುಡುಗನೂ ಅಪರಿಚಿತರ ಮುಂದೆ ತಾನಾಗಿ ಹೇಳುವುದಿಲ್ಲ. ಯಾರೋ ಸಾವಧಾನದಿಂದ ಕೂತು ಕೇಳಿರಬೇಕು.

ಎರಡನೇ ಕೆಲಸ ನನ್ನದು. ಮೂವತ್ತು ವರ್ಷ ನಾನು ಮಾಡಿದ್ದು ಜನರ ತಲೆಗೆ ತಂತಿ ಅಂಟಿಸುವ ಕೆಲಸ. ಬೆಂಗಳೂರಿನಲ್ಲಿ ಕಲಿತೆ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನಿವೃತ್ತಳಾದೆ. ಹುದ್ದೆಯ ಹೆಸರು ಕ್ಲಿನಿಕಲ್ ಫಿಸಿಯಾಲಜಿಸ್ಟ್. ಊರಲ್ಲಿ "ಇಇಜಿ ತೆಗೆಯೋರು". ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ದಾಖಲಿಸುವುದೇ ಇಇಜಿ. ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ ಅಳೆದು, ಅದರ ಶೇ. 10, ಶೇ. 20ರ ಅಂತರದಲ್ಲಿ ಗುರುತು ಹಾಕಿ, ಒಂದೊಂದು ಗುರುತಿಗೂ ಒಂದು ಲೋಹದ ಬಿಲ್ಲೆ. ಬಿಲ್ಲೆ ಕೂರಬೇಕಾದರೆ ಕೂದಲಲ್ಲಿ ಎಣ್ಣೆ ಇರಬಾರದು. ಹಾಗಾಗಿ ಪ್ರತಿಯೊಬ್ಬರಿಗೂ ಚೀಟಿಯಲ್ಲಿ ಬರೆದುಕೊಡುತ್ತಿದ್ದೆವು: ಎಣ್ಣೆ ಹಚ್ಚದೆ, ತಲೆ ತೊಳೆದು ಬನ್ನಿ. ಬಿಸಿನೀರ ಮೂರ್ಛೆಯ ಹುಡುಗನಿಗೂ ಅದೇ ಚೀಟಿ! ಬೆಂಗಳೂರಿನಲ್ಲಿ ನನ್ನ ಕಲಿಕೆಯ ದಿನಗಳಲ್ಲಿ ಒಬ್ಬ ಅಜ್ಜ ಆ ಚೀಟಿ ಓದಿಸಿಕೊಂಡು, "ತಾಯಿ, ತಲೆ ತೊಳೆಯೋಕೆ ಆಗೋ ಹಂಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ವು?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ತಣ್ಣೀರಲ್ಲಿ ತೊಳೆಯಿರಿ ಎಂಬ ಒಂದು ಮಾತು ಅದರಲ್ಲಿ ಬಿಟ್ಟುಹೋಗಿತ್ತು.

ಇಷ್ಟೆಲ್ಲ ಮಾಡಿ ದಾಖಲಿಸಿದರೆ, ಸ್ನಾನವಿಲ್ಲದ ಹೊತ್ತಿನಲ್ಲಿ ಈ ರೋಗಿಗಳಲ್ಲಿ ಹೆಚ್ಚಿನವರ ಗೆರೆಗಳು ಸರಿಯಾಗಿಯೇ ಇರುತ್ತವೆ. ಹಾಗಾದರೆ ಮಿದುಳಿನೊಳಗೆ ಆಗುವುದೇನು? ಇದನ್ನು ಮಗುವಿನ ಮೇಲೆ ಪರೀಕ್ಷಿಸಿ ನೋಡುವಂತಿಲ್ಲ. ನಿಮ್ಹಾನ್ಸ್‌ನ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಇಲಿಗಳ ತಲೆಗೆ ಬಿಸಿನೀರು ಬಿಟ್ಟು, ಮೈ ಕಾವು ಏರುವುದನ್ನು, ಮೂರ್ಛೆ ಶುರುವಾಗುವುದನ್ನು ಅಳೆದರು. ಮತ್ತೆ ಮತ್ತೆ ಬಿಸಿನೀರು ಬಿದ್ದಂತೆ ಮಿದುಳು ಇನ್ನೂ ಬೇಗ ಮೂರ್ಛೆಗೆ ಹೊರಳುತ್ತದೆ ಎಂದು ಕಂಡರು. ಆ ಕೆಲಸದಲ್ಲಿ ಜೊತೆಗಿದ್ದ ಡಾ. ಎಸ್. ಕೆ. ಶಂಕರ್ ಅವರೇ 1995ರಲ್ಲಿ ಅಲ್ಲಿ ಮಿದುಳು ಬ್ಯಾಂಕ್ ಕಟ್ಟಿದವರು.

ಇಲಿಯ ಮಾತು ಬಂದಿದ್ದರಿಂದ ಒಂದು ಬದಿಮಾತು. ನಮ್ಮಲ್ಲಿ ಹಲವರ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ನರವಿಜ್ಞಾನದ ದೊಡ್ಡ ಭಾಗ ಪ್ರಾಣಿಗಳ ಮೇಲೆ ನಿಂತಿದೆ. ಈ ದೇಶದಲ್ಲಿ 1986ರ ಕಾಯ್ದೆಯ ಪ್ರಕಾರ ಅಂಥ ಪ್ರಯೋಗ ಮಾಡುವ ಪ್ರತಿಯೊಬ್ಬರೂ ಹೋಮ್ ಆಫೀಸಿನಿಂದ ವೈಯಕ್ತಿಕ ಲೈಸೆನ್ಸ್ ಪಡೆಯಬೇಕು. ಇಲಿಯನ್ನು ಮುಟ್ಟದೆಯೇ ಪದವಿ ಮುಗಿಸಬಹುದು. ಮೂರನೇ ವರ್ಷದ ಪ್ರಾಜೆಕ್ಟನ್ನು ಕಂಪ್ಯೂಟರಿನಲ್ಲೋ ಮನುಷ್ಯರ ಸ್ಕ್ಯಾನಿನಲ್ಲೋ ಮಾಡಬಹುದು. ಆದರೆ ಓದುವುದೆಲ್ಲ ಯಾರೋ ಮುಟ್ಟಿದ ಇಲಿಯ ಪಾಠವೇ. ಮಗಳಿಗೆ ಈ ಪ್ರಶ್ನೆ ಎದುರಾಗುವುದು ಲ್ಯಾಬಿನಲ್ಲಿ ಆಗಬಾರದು; ಅರ್ಜಿ ಹಾಕುವ ಮುಂಚೆ ಮನೆಯಲ್ಲೇ ಆಗಬೇಕು. ಮಡಿಯ ಮಾತು ಆಡುತ್ತಿಲ್ಲ. ಎರಡನೇ ವರ್ಷದಲ್ಲಿ ಅಳುತ್ತಾ ಕೋರ್ಸ್ ಬಿಟ್ಟವರನ್ನು ನೋಡಿ ಹೇಳುತ್ತಿದ್ದೇನೆ.

ಮತ್ತೆ ಬಚ್ಚಲಿಗೆ ಬರೋಣ. ಈ ಕಾಯಿಲೆ ಎಷ್ಟು ಜನಕ್ಕಿದೆ? ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಗೊತ್ತಾಗುವುದಿಲ್ಲ. ಬಾರದೆ ಇರುವವರೇ ಹೆಚ್ಚು. ಬಿಳಿಗಿರಿರಂಗನ ಬೆಟ್ಟದ ಬುಡದ ಯಳಂದೂರಿನಲ್ಲಿ ಮನೆ ಮನೆಗೆ ಹೋಗಿ ಕೇಳಿದರು. ಲಕ್ಷ ಜನಕ್ಕೆ 255 ಎಂಬ ಅಂಕಿ ಸಿಕ್ಕಿತು. ಅದೇ ಯಳಂದೂರಿನಲ್ಲಿ ಮಣಿ ಮತ್ತವರ ತಂಡ ಹಳೆಯ, ಅಗ್ಗದ ಎರಡು ಮಾತ್ರೆಗಳಿಂದಲೇ ಹಳ್ಳಿಯ ಮೂರ್ಛೆ ರೋಗಿಗಳನ್ನು ಹದಕ್ಕೆ ತರಬಹುದು ಎಂದು ತೋರಿಸಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದರು. ಆ ಲೇಖನದ ಕರ್ತೃಗಳಲ್ಲಿ ಒಬ್ಬರು ಸಂಖ್ಯಾಶಾಸ್ತ್ರದವರು. ಅವರಿಲ್ಲದಿದ್ದರೆ ಅದು ಲೇಖನವಾಗುತ್ತಿರಲಿಲ್ಲ, ಬರೀ ಒಂದು ಊರಿನ ನೆನಪಾಗುತ್ತಿತ್ತು. ಒಂದೇ ಮನೆಯಲ್ಲಿ ಅಣ್ಣನಿಗೂ ತಂಗಿಗೂ ಬರುವುದನ್ನು ಕಂಡು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದವರು ಜೀನ್‌ಗಳನ್ನು ಹುಡುಕಲು ಹೊರಟರು. ಕೊನೆಗೆ ರೋಗಿಯ ಕೈಗೆ ಬಂದ ಪರಿಹಾರ ಸರಳವಾದದ್ದು: ನೀರನ್ನು ಉಗುರುಬೆಚ್ಚಗೆ ಮಾಡಿ, ಅದಕ್ಕೂ ಜಗ್ಗದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಒಂದು ಕ್ಲೋಬಾಜಾಮ್ ಮಾತ್ರೆ. ಅದನ್ನೂ ಯಾರಾದರೂ ಆ ತಾಯಿಗೆ ಅರ್ಥವಾಗುವ ಹಾಗೆ ಹೇಳಬೇಕಲ್ಲ? ಅದೂ ಕೆಲಸವೇ.

ಒಂದು ಚೊಂಬು ನೀರಿನ ಹಿಂದೆ ಎಷ್ಟು ಜನ ನಿಂತಿದ್ದಾರೆ ನೋಡಿ. ಕೇಳುವವರು, ತಂತಿ ಅಂಟಿಸುವವರು, ಇಲಿ ಸಾಕುವವರು, ಎಣಿಸುವವರು, ಜೀನ್ ಓದುವವರು, ಔಷಧ ಪರೀಕ್ಷಿಸುವವರು, ವಿವರಿಸುವವರು. ಸ್ಟೆತಸ್ಕೋಪ್ ಇರುವುದು ಒಬ್ಬಿಬ್ಬರ ಕೊರಳಲ್ಲಿ. "ಓದಿ ಏನಾಗ್ತಾಳೆ" ಎಂದು ಕೇಳಿದ ತಾಯಿಗೆ ನಾನು ಹೇಳಬೇಕಾಗಿದ್ದದ್ದು ಇದು: ಅಮ್ಮಾ, ಅವಳಿಗೆ ಈ ಸಾಲಿನಲ್ಲಿ ಎಲ್ಲಿ ನಿಲ್ಲಲು ಇಷ್ಟ ಎಂದು ಮೊದಲು ಕೇಳಿ.

ಇನ್ನು ನ್ಯೂರೋಸೈನ್ಸ್ ಪದವಿಯ ಮೂರು ವರ್ಷದ ಓದು. ಹೋಗುವ ಮಕ್ಕಳು ಕನಸು, ಪ್ರಜ್ಞೆ, ನೆನಪು ಎಂದುಕೊಂಡು ಹೋಗುತ್ತಾರೆ. ಮೊದಲ ಟರ್ಮಿನಲ್ಲಿ ಸಿಗುವುದು ಸೋಡಿಯಂ, ಪೊಟ್ಯಾಸಿಯಂ, ಮತ್ತು ಒಂದು ಲಾಗರಿದಮ್. ಜೀವಕೋಶದ ಪೊರೆಯ ಆಚೆ ಈಚೆ ಎಷ್ಟು ಮಿಲಿವೋಲ್ಟ್ ಎಂಬ ಲೆಕ್ಕ. ಇದರ ಮೂಲ ಸಮುದ್ರದ ಸ್ಕ್ವಿಡ್ ಎಂಬ ಜೀವಿಯ ದಪ್ಪ ನರತಂತು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲೀ ಅದರೊಳಗೆ ತಂತಿ ತೂರಿಸಿ ಅಳೆದು 1952ರಲ್ಲಿ ನರದ ಸಂದೇಶವನ್ನು ಸಮೀಕರಣವಾಗಿ ಬರೆದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಮಾರ್ಪಾಡಿಗಾಗಿ ನಿಂತಿತ್ತು; ಹಕ್ಸ್‌ಲೀ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರ ಇಟ್ಟುಕೊಂಡು ದಿನಗಟ್ಟಲೆ ಲೆಕ್ಕ ಹಾಕಿದರು. 1963ರಲ್ಲಿ ನೊಬೆಲ್ ಬಂತು. ಗಣಿತ ಬಿಟ್ಟು ಬಯಾಲಜಿ ಹಿಡಿದ ಮಕ್ಕಳಿಗೆ ಇಲ್ಲಿ ಒಂದು ಹೊಡೆತ ಬೀಳುತ್ತದೆ. ಎರಡನೇ ವರ್ಷಕ್ಕೆ ಸಂಖ್ಯಾಶಾಸ್ತ್ರ, ಪೈಥಾನ್. ನನ್ನನ್ನು ಕೇಳಿದರೆ ಈ ಪದವಿಯ ನಿಜವಾದ ಆಸ್ತಿ ಅದೇ. ಮಿದುಳಿನ ಭಾಗಗಳ ಲ್ಯಾಟಿನ್ ಹೆಸರುಗಳು ಆಮೇಲೆ ಮರೆತುಹೋಗುತ್ತವೆ. ನನಗೂ ಅರ್ಧ ಮರೆತಿವೆ.

ಎಜ್‌ವೇರ್‌ನಲ್ಲಿರುವ ಮಕ್ಕಳಿಗೆ ಒಂದು ಅನುಕೂಲವಿದೆ. ಇಲ್ಲಿನ ಟ್ಯೂಬ್ ಸ್ಟೇಷನ್. ಅದು ತೆರೆದದ್ದು 1924ರ ಆಗಸ್ಟ್ 18ರಂದು. ಅದೇ ಬೇಸಿಗೆಯಲ್ಲಿ ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮೊದಲ ಬಾರಿಗೆ ಮನುಷ್ಯನ ತಲೆಯಿಂದ ವಿದ್ಯುತ್ತಿನ ಗೆರೆ ಎಳೆದರು. ನಂಬಲು ಧೈರ್ಯ ಸಾಲದೆ ಪ್ರಕಟಿಸಿದ್ದು ಐದು ವರ್ಷ ತಡೆದು. ನನ್ನ ಅನ್ನದ ಮೂಲ ಅದು, ಹಾಗಾಗಿ ಈ ಎರಡು ಸಂಗತಿ ನನ್ನ ತಲೆಯಲ್ಲಿ ಜೋಡಿಯಾಗಿ ಕೂತಿವೆ. ಇಲ್ಲಿ ರೈಲು ಹತ್ತಿ ಹ್ಯಾಂಪ್‌ಸ್ಟೆಡ್‌ನಲ್ಲಿ ಇಳಿದರೆ, ಹೆನ್ರಿ ಡೇಲ್ ಕೆಲಸ ಮಾಡಿದ ಜಾಗ. ವೈದ್ಯಕೀಯ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ ಆಗ ಅಲ್ಲಿತ್ತು. 1929ರಲ್ಲಿ ಡೇಲ್ ಮತ್ತು ಡಡ್ಲಿ ಕುದುರೆ, ಎತ್ತುಗಳ ಗುಲ್ಮದಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ನರಗಳು ಒಂದಕ್ಕೊಂದು ಮಾತಾಡಿಕೊಳ್ಳುವ ರಾಸಾಯನಿಕಗಳಲ್ಲಿ ಅದೊಂದು. 1936ರ ನೊಬೆಲ್ ಡೇಲ್ ಮತ್ತು ಓಟೋ ಲೋವಿ ಹಂಚಿಕೊಂಡರು. ಇವತ್ತು ನಮ್ಮ ಹಿರಿಯರಲ್ಲಿ ಕೆಲವರು ಮರೆವಿಗೆಂದು ರಾತ್ರಿ ನುಂಗುವ ಡೊನೆಪೆಝಿಲ್ ಮಾತ್ರೆ ಆ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆಯುವುದೇ. ಸಂಸ್ಥೆ 1950ರಲ್ಲಿ ನಮ್ಮ ಪಕ್ಕದ ಮಿಲ್ ಹಿಲ್‌ಗೆ ಬಂತು. ಹಸಿರು ಚಾವಣಿಯ ಆ ಭಾರಿ ಕಟ್ಟಡವನ್ನು ನಿಮ್ಮ ಮಕ್ಕಳು ಬ್ಯಾಟ್‌ಮನ್ ಸಿನಿಮಾದಲ್ಲಿ ಹುಚ್ಚಾಸ್ಪತ್ರೆಯಾಗಿ ನೋಡಿದ್ದಾರೆ. ಈಗ ಸಂಸ್ಥೆ ಸೇಂಟ್ ಪ್ಯಾಂಕ್ರಾಸ್ ಬಳಿಯ ಕ್ರಿಕ್ ಇನ್‌ಸ್ಟಿಟ್ಯೂಟಿನಲ್ಲಿ ಸೇರಿಹೋಗಿದೆ. ಮಿಲ್ ಹಿಲ್‌ನಲ್ಲಿ ಮನೆಗಳೆದ್ದಿವೆ. ವಾರನ್ ಸ್ಟ್ರೀಟಿಗೆ ಹೋದರೆ ಯೂನಿವರ್ಸಿಟಿ ಕಾಲೇಜ್, ಬ್ಯಾಂಕ್ ದಾರಿಯ ರೈಲು ಹಿಡಿದು ಲಂಡನ್ ಬ್ರಿಜ್‌ಗೆ ಹೋದರೆ ಕಿಂಗ್ಸ್ ಕಾಲೇಜಿನ ಗೈಸ್ ಕ್ಯಾಂಪಸ್. ರೈಲು ಬದಲಿಸುವ ಗೋಜಿಲ್ಲ. ಹಾಸ್ಟೆಲ್ ಬಾಡಿಗೆ ಉಳಿಯುತ್ತದೆ ಎಂದು ತಂದೆಯರು ತಲೆಯಾಡಿಸುತ್ತಿದ್ದೀರಿ, ಮಕ್ಕಳು ಆಡಿಸುತ್ತಿಲ್ಲ.

ಯೂನಿವರ್ಸಿಟಿ ಕಾಲೇಜಿನ ಒಂದು ಕಥೆ ಹೇಳಲೇಬೇಕು. ಲಂಡನ್ನಿನ ಕಪ್ಪು ಟ್ಯಾಕ್ಸಿ ಓಡಿಸುವವರು "ನಾಲೆಜ್" ಎಂಬ ಪರೀಕ್ಷೆ ಪಾಸಾಗಬೇಕು. ಚೇರಿಂಗ್ ಕ್ರಾಸ್‌ನಿಂದ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿ, 320 ಮಾರ್ಗ, ಎಲ್ಲ ಬಾಯಿಪಾಠ. ಎಜ್‌ವೇರ್ ಆ ವೃತ್ತದ ಆಚೆ ಬಿತ್ತು; ನಾವು ಅವರ ಮಿದುಳಿಗೆ ಭಾರವಲ್ಲ. ಎಲಿನರ್ ಮಗ್ವಾಯರ್ ಮತ್ತು ಸಂಗಡಿಗರು 2000ದಲ್ಲಿ 16 ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿದರು. ಹಿಪೊಕ್ಯಾಂಪಸ್, ಅಂದರೆ ಕಡಲಕುದುರೆಯ ಆಕಾರದ ಭಾಗ, ಹಿಂಬದಿಯಲ್ಲಿ ಬೇರೆಯವರಿಗಿಂತ ದೊಡ್ಡದಾಗಿತ್ತು. ಹೆಚ್ಚು ವರ್ಷ ಓಡಿಸಿದವರಲ್ಲಿ ಇನ್ನೂ ದೊಡ್ಡದು. ಪತ್ರಿಕೆಗಳು ಇಲ್ಲಿಗೇ ನಿಂತವು, ಅವರು ನಿಲ್ಲಲಿಲ್ಲ. ಟ್ರಾಫಿಕ್ಕಿನಲ್ಲಿ ದಿನವಿಡೀ ಕೂತದ್ದರಿಂದ ಹೀಗಾಗಿರಬಹುದೇ? ಬಸ್ ಚಾಲಕರನ್ನು ಕರೆಸಿ ಹೋಲಿಸಿದರು. ದಿನಾ ಒಂದೇ ದಾರಿಯಲ್ಲಿ ಹೋಗಿಬರುವವರಿಗೆ ಆ ಬದಲಾವಣೆ ಇರಲಿಲ್ಲ. ಹಾಗಾದರೆ ದೊಡ್ಡ ಹಿಪೊಕ್ಯಾಂಪಸ್ ಇದ್ದವರೇ ಟ್ಯಾಕ್ಸಿಗೆ ಬರುತ್ತಾರೋ? ಅದಕ್ಕೆ ಕಲಿಯಲು ಸೇರಿದ ಹೊಸತರಲ್ಲೇ 79 ಜನರನ್ನು ಅಳೆದಿಟ್ಟು ವರ್ಷಗಟ್ಟಲೆ ಕಾದರು. 39 ಜನ ಪಾಸಾದರು. ಶುರುವಿನಲ್ಲಿ ಎಲ್ಲರದೂ ಒಂದೇ ಅಳತೆ. ಕೊನೆಗೆ ಬೆಳೆದದ್ದು ಪಾಸಾದವರದ್ದು ಮಾತ್ರ. ಇದು 2011ರಲ್ಲಿ ಬಂತು. ಇನ್ನೊಂದು ವಿವರವನ್ನು ಯಾರೂ ಹೇಳುವುದಿಲ್ಲ: ಪಾಸಾದವರು ಒಂದು ತೊಡಕಿನ ಚಿತ್ರವನ್ನು ನೆನಪಿನಿಂದ ಬರೆಯುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು.

ಒಂದು ಪ್ರಶ್ನೆಗೆ ಹನ್ನೊಂದು ವರ್ಷ. ಮಗ್ವಾಯರ್ ಓದಿದ್ದು ಮನಶ್ಶಾಸ್ತ್ರ, ಎಂಬಿಬಿಎಸ್ ಅಲ್ಲ. ಅದೇ ಕಾಲೇಜಿನಲ್ಲಿ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಜಾಗ ಗುರುತಿಸುವ ಕೋಶಗಳನ್ನು 1971ರಲ್ಲಿ ಕಂಡು, 2014ರಲ್ಲಿ ನೊಬೆಲ್ ಪಡೆದ ಜಾನ್ ಓಕೀಫ್ ವಿಮಾನ ಎಂಜಿನಿಯರಿಂಗ್ ಓದಲು ಹೊರಟವರು. ಆಮೇಲೆ ಮನಶ್ಶಾಸ್ತ್ರಕ್ಕೆ ತಿರುಗಿದರು.

ಈಗ ದುಡ್ಡಿನ ಮಾತು. ಅದಿಲ್ಲದೆ ನೀವು ಊಟಕ್ಕೆ ಬಿಡುವುದಿಲ್ಲ. 2025–26ರಲ್ಲಿ ಇಂಗ್ಲೆಂಡಿನಲ್ಲಿ ಇಲ್ಲಿನ ಮಕ್ಕಳಿಗೆ ವಿಶ್ವವಿದ್ಯಾಲಯದ ಶುಲ್ಕ ವರ್ಷಕ್ಕೆ 9,535 ಪೌಂಡ್. ಮೂರು ವರ್ಷದ ಪದವಿ ಹಿಡಿದು ಹೊರಬಂದವರನ್ನು "ನ್ಯೂರೋಸೈಂಟಿಸ್ಟ್" ಎಂದು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಆ ಹೆಸರಿಗೆ ಪಿಎಚ್‌ಡಿ ಬೇಕು. ಸರ್ಕಾರಿ ಸಂಶೋಧನಾ ಮಂಡಳಿಗಳ ಪಿಎಚ್‌ಡಿ ಭತ್ಯೆ ಅದೇ ವರ್ಷ ಕನಿಷ್ಠ 20,780 ಪೌಂಡ್, ಲಂಡನ್ನಿನಲ್ಲಿ ಸ್ವಲ್ಪ ಹೆಚ್ಚು, ತೆರಿಗೆ ಇಲ್ಲ. ಆಮೇಲೆ ಪೋಸ್ಟ್‌ಡಾಕ್: ಎರಡು ಮೂರು ವರ್ಷದ ಕರಾರು, ಮುಗಿದರೆ ಇನ್ನೊಂದು ಊರು. ಮನೆ ಸಾಲ ಕೊಡುವ ಬ್ಯಾಂಕಿನವರಿಗೆ ಈ ಬದುಕು ಅರ್ಥವಾಗುವುದಿಲ್ಲ, ಬೀಗರಿಗೆ ಇನ್ನೂ ಕಷ್ಟ.

ಆಸ್ಪತ್ರೆಯೇ ಬೇಕೆಂದರೆ ಎನ್‌ಎಚ್‌ಎಸ್‌ನ ಸೈಂಟಿಸ್ಟ್ ಟ್ರೈನಿಂಗ್ ಪ್ರೋಗ್ರಾಂ ಇದೆ. ಮೂರು ವರ್ಷ, ಸಂಬಳ ಕೊಟ್ಟು ಕಲಿಸುತ್ತಾರೆ, ಕೊನೆಗೆ ಎಂಎಸ್ಸಿ, ಕ್ಲಿನಿಕಲ್ ಸೈಂಟಿಸ್ಟ್ ಎಂದು ನೋಂದಣಿ. ಅದರಲ್ಲಿ ನನ್ನ ಕಸುಬಾದ ನ್ಯೂರೋಫಿಸಿಯಾಲಜಿಯೂ ಒಂದು ಶಾಖೆ. ಪೈಪೋಟಿ ವಿಪರೀತ, ಮೊದಲ ಸಲಕ್ಕೆ ಸಿಗದಿದ್ದರೆ ಗಾಬರಿಯಾಗಬೇಡಿ. ಹನ್ನೆರಡನೇ ತರಗತಿಯಲ್ಲೇ ಮನಸ್ಸು ಗಟ್ಟಿಯಿದ್ದರೆ ನೇರವಾಗಿ ಹೆಲ್ತ್‌ಕೇರ್ ಸೈನ್ಸ್ ಪದವಿಗೂ ಹೋಗಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ಈ ಕಸುಬಿಗೇ ಪ್ರತ್ಯೇಕ ಕೋರ್ಸ್ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ಆಸೆಯಿಂದ ನ್ಯೂರೋಸೈನ್ಸ್ ಸೇರುವವರಿಗೆ ಒಂದು ಎಚ್ಚರಿಕೆ, ಯಾಕೆಂದರೆ ಇದನ್ನು ಕಾಲೇಜಿನ ಕೈಪಿಡಿಗಳು ಸಣ್ಣ ಅಕ್ಷರದಲ್ಲಿ ಬರೆಯುತ್ತವೆ: ಆ ದಾರಿಗೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ಇರುವ ಪದವಿ ಬೇಕು, ಹೆಚ್ಚಿನ ನ್ಯೂರೋಸೈನ್ಸ್ ಪದವಿಗಳಿಗೆ ಅದಿಲ್ಲ. ಒಂದು ಕನ್ವರ್ಶನ್ ಕೋರ್ಸ್ ಸೇರಿಸಿ ಲೆಕ್ಕ ಹಾಕಿ. ಡಾಕ್ಟರೇ ಆಗಬೇಕೆಂಬ ಹಟ ಹೋಗದಿದ್ದರೆ ಪದವೀಧರರಿಗೆ ನಾಲ್ಕು ವರ್ಷದ ಮೆಡಿಸಿನ್ ಇದೆ. ಮೊದಲಿಗಿಂತ ಬಾಗಿಲು ಕಿರಿದು. ಉಳಿದಂತೆ ಔಷಧ ಪ್ರಯೋಗಗಳ ಮೇಲ್ವಿಚಾರಣೆ, ವೈದ್ಯಕೀಯ ಬರವಣಿಗೆ, ಸ್ಕ್ಯಾನುಗಳ ದತ್ತಾಂಶ, ಪೇಟೆಂಟು, ಶಾಲೆಯ ವಿಜ್ಞಾನದ ಮೇಷ್ಟರ ಕೆಲಸ. ನನ್ನ ಕಣ್ಣೆದುರು ಓದಿದವರಲ್ಲಿ ಹೆಚ್ಚಿನವರು ಈ "ಉಳಿದಂತೆ"ಯಲ್ಲೇ ಇದ್ದಾರೆ, ಸುಖವಾಗಿದ್ದಾರೆ.

ಒಂದು ಕೆಲಸವನ್ನು ಮಾತ್ರ ಪ್ರತ್ಯೇಕವಾಗಿ ಹೇಳುತ್ತೇನೆ, ಏಕೆಂದರೆ ಅದಕ್ಕೆ ಬೇಕಾದ ಉಪಕರಣ ನಿಮ್ಮ ಮಕ್ಕಳ ಬಾಯಲ್ಲಿದೆ. ಒಮ್ಮೆ ನಮ್ಮವರೇ ಆದ ಒಬ್ಬ ಅಜ್ಜಿಗೆ ಇಲ್ಲಿ ಮರೆವಿನ ಪರೀಕ್ಷೆ ನಡೆಯುವಾಗ ಜೊತೆಗೆ ಕೂತಿದ್ದೆ. ಸಿಂಹ, ಘೇಂಡಾಮೃಗ, ಒಂಟೆಯ ಚಿತ್ರ ತೋರಿಸಿ ಹೆಸರು ಕೇಳುವ ಒಂದು ಪ್ರಸಿದ್ಧ ಪರೀಕ್ಷೆ. ಅಜ್ಜಿ ಎರಡನೆಯದನ್ನು ನೋಡಿ, "ಎಮ್ಮೆ ಥರ ಇದೆ, ಆದ್ರೆ ಕೊಂಬು ಮೂಗಿಗೆ ಬಂದಿದೆಯಲ್ಲಪ್ಪ, ಪಾಪ" ಎಂದರು. ಅಂಕ ಹೋಯಿತು. ಅಷ್ಟು ಚೆನ್ನಾಗಿ ಗಮನಿಸಿದವರಿಗೆ ಮರೆವು ಎಂದು ಬರೆಯುವುದೇ? ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ಪರೀಕ್ಷೆಗಳ ಒಂದು ಗೊಂಚಲನ್ನು ಸಿದ್ಧಪಡಿಸಿದೆ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ, ಮಾವಿನ ತೋಟಗಳ ಶ್ರೀನಿವಾಸಪುರದಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ನೋಡಲು ಹೊರಟಿದೆ. ಅಲ್ಲಿ ಕೂತು ಓದು ಬಾರದ ಹಿರಿಯರ ನೆನಪನ್ನು ಅಳೆಯುವುದು ಸ್ಕ್ಯಾನರ್ ಓಡಿಸುವುದಕ್ಕಿಂತ ಕಷ್ಟ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ, ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿದೆ ಎಂದು 2013ರಲ್ಲಿ ಬರೆದರು; ಶಾಲೆಗೆ ಹೋಗದವರಲ್ಲೂ ಹೀಗೆಯೇ ಕಂಡಿತ್ತು. ಇದರ ಮೇಲೆ ವಾದಗಳಿವೆ, ಕನ್ನಡ ಕಲಿಸಿದರೆ ಮರೆವು ಬಾರದು ಎಂದು ಭಾನುವಾರದ ಶಾಲೆಯ ಬಾಗಿಲಿಗೆ ಬೋರ್ಡು ಹಾಕಬೇಡಿ.

ಕನ್ನಡದಲ್ಲಿ ಮನಸ್ಸಿನ ವಿಷಯ ಬರೆದವರಿಗೆ ಬರವಿಲ್ಲ. ಕೊರವಂಜಿ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು; ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕ ಇಲ್ಲಿ ಹಲವರ ಮನೆಯಲ್ಲಿದೆ. ಅಯಾನು, ಪೊರೆ, ಮಿಲಿವೋಲ್ಟುಗಳ ಮಿದುಳನ್ನು ಹಾಗೆ ನಗುನಗುತ್ತ ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಜಾಗ ಖಾಲಿ ಇದೆ.

ಆ ಫೋನ್ ಮಾಡಿದ ತಾಯಿಯ ಮಗಳು ಸೇರಿದಳು. ಮೊದಲ ವರ್ಷ ಗಣಿತದಲ್ಲಿ ತತ್ತರಿಸಿ, ಎರಡನೇ ವರ್ಷ ಸುಧಾರಿಸಿಕೊಂಡಳು. ಕಳೆದ ಡಿಸೆಂಬರಿನಲ್ಲಿ ಕೊಳ್ಳೇಗಾಲದ ಕಡೆಯ ಅಜ್ಜಿ ಮನೆಗೆ ಹೋಗಿದ್ದಳು. ಬಿಸಿನೀರ ಮೂರ್ಛೆಯ ಬಗ್ಗೆ ನಾನು ಹೇಳಿದ್ದು ಅವಳ ತಲೆಯಲ್ಲಿತ್ತು. "ಅಜ್ಜಿ, ಅಪ್ಪಂಗೆ ಚಿಕ್ಕವನಿದ್ದಾಗ ತಲೆಗೆ ಹುಯ್ತಿದ್ಯಲ್ಲ, ನೀರು ಎಷ್ಟು ಬಿಸಿ ಇರ್ತಿತ್ತು?" "ಕೈ ಅದ್ದಿದ್ರೆ ತಡ್ಕೊಳ್ಳೋ ಅಷ್ಟು ಕಣೇ." ಅವಳು ಚೀಲದಿಂದ ಅಡುಗೆಮನೆಯ ಥರ್ಮಾಮೀಟರ್ ತೆಗೆದು, ಅಜ್ಜಿ ಬೆರೆಸಿಟ್ಟ ಬಕೆಟ್ಟಿಗೆ ಇಳಿಸಿ ನೋಡಿದಳಂತೆ. 46 ಡಿಗ್ರಿ. ಅಜ್ಜಿ ಕನ್ನಡಕ ಏರಿಸಿಕೊಂಡು ಆ ಅಂಕಿಯನ್ನು ನೋಡಿ, "ಅದು ಸುಳ್ಳು ಹೇಳ್ತದೆ, ಬಾ, ಕೂತ್ಕೋ" ಎಂದು ಚೊಂಬು ಕೈಗೆತ್ತಿಕೊಂಡರಂತೆ.